ಬೀಗದ ವಕೀಲರ ಕೊನೆಯ ಕೇಸು

ಫ್ಯಾನಿನ ಗಾಳಿಗೆ ಮೇಣದಬತ್ತಿ ಮತ್ತೆ ಆರಿಹೋಯಿತು. ವಕೀಲರ ಪರಿಷತ್ತಿನಿಂದ ಬಂದಿದ್ದ ಅಧಿಕಾರಿ ಆಫೀಸು ಕೋಣೆಯ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಅರಗಿನ ಕಡ್ಡಿ, ಇನ್ನೊಂದರಲ್ಲಿ ಬೆಂಕಿಪೊಟ್ಟಣ ಹಿಡಿದು, ಮೂರನೆಯ ಕೈ ಕೊಡದ ದೇವರನ್ನು ದೂರುವವನಂತೆ ಮೇಲೆ ನೋಡಿದ.

"ಸ್ವಲ್ಪ ಫ್ಯಾನ್ ಆರಿಸ್ತೀರಾ?"

"ಇಷ್ಟು ಜನ ಬೆವರ್ತಾ ಕೂತಿದಾರೆ, ನಿಮಗೆ ಅರಗು ಕರಗೋದೇ ಹೆಚ್ಚಾಯ್ತೇನ್ರೀ?" ಎಂದು ಸತ್ತವರ ತಮ್ಮ ಹಲ್ಲು ಕಚ್ಚಿದ. "ಹೆಣ ಇನ್ನೂ ಮನೇಲಿದೆ. ನಾಳೆ ಬಂದು ಸೀಲ್ ಹಾಕಿದ್ರೆ ಆಕಾಶ ಕಳಚಿ ಬೀಳುತ್ತಾ?"

"ಬೀಳಲ್ಲ ಸಾರ್. ಆದ್ರೆ ಸುದ್ದಿ ಗೊತ್ತಾದ ತಕ್ಷಣ ಹಾಕಬೇಕು ಅಂತ ನಿಯಮ ಇದೆ."

"ಯಾವ ಮಹಾನುಭಾವ ಮಾಡಿದ್ದು ಆ ನಿಯಮ?"

ಅಧಿಕಾರಿ ಹಜಾರದ ಮಧ್ಯೆ ಮಲಗಿಸಿದ್ದ ವಕೀಲರ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಇನ್ನೊಂದು ಕಡ್ಡಿ ಗೀರಿದ.

ಕುರ್ಚಿಗಳಲ್ಲಿ ಕೂತಿದ್ದ ಕರಿ ಕೋಟಿನವರಲ್ಲಿ ಒಂದಿಬ್ಬರು ನಗು ತಡೆದುಕೊಳ್ಳಲು ಕೆಮ್ಮಿದರು. ಊರಿನ ವಕೀಲರೆಲ್ಲ ಸತ್ತವರನ್ನು ಬೆನ್ನ ಹಿಂದೆ ಕರೆಯುತ್ತಿದ್ದದ್ದೇ ಬೀಗದ ವಕೀಲ ಎಂದು. ಜೂನಿಯರುಗಳಿಲ್ಲದೆ ಒಬ್ಬರೇ ಕೆಲಸ ಮಾಡುವ ವಕೀಲರು ತೀರಿಕೊಂಡರೆ ಅವರ ಆಫೀಸಿಗೆ ಆ ಕೂಡಲೇ ಪರಿಷತ್ತಿನ ಸೀಲು ಬೀಳಬೇಕು. ಮರುದಿನ ಪರಿಷತ್ತು ಒಬ್ಬ ಉಸ್ತುವಾರಿ ವಕೀಲರನ್ನು ನೇಮಿಸಿ ಅವರ ಕೈಗೆ ಫೈಲುಗಳನ್ನು ಒಪ್ಪಿಸಬೇಕು. ಅಲ್ಲಿಯವರೆಗೆ ಮನೆಯವರು, ಕಕ್ಷಿದಾರರು, ಬೇರೆ ವಕೀಲರು, ಯಾರೂ ಒಳಗೆ ಕಾಲಿಡುವಂತಿಲ್ಲ. ಈ ನಿಯಮಕ್ಕಾಗಿ ಅವರು ಪರಿಷತ್ತಿನ ಮೆಟ್ಟಿಲು ಸವೆಸಿದ್ದರು. ಬೇಡ ಬೇಡ ಎಂದವರೆಲ್ಲ ಕೊನೆಗೆ ಅವರ ಕಾಟ ತಡೆಯಲಾರದೆ ಕೈ ಎತ್ತಿದ್ದರು.

ವಕೀಲರ ಹೆಂಡತಿ ಗಂಡನ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಷ್ಟಿಯಲ್ಲಿ ಆ ಕೋಣೆಯ ಕೀಲಿಕೈ ಇತ್ತು. ಬೆಳಗಿನಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಬರಲು ಬಿಡುವಾದರೂ ಎಲ್ಲಿತ್ತು? ಬಂದವರೆಲ್ಲ "ಕೊನೇ ಮಾತು ಏನು ಹೇಳಿದ್ರು?" ಎಂದು ಕೇಳುತ್ತಿದ್ದರು. ಕೊನೆಯ ಮಾತು "ಈ ಹಾಲಿಗೆ ಸಕ್ಕರೆ ಯಾಕೆ ಹಾಕಿದೆ?" ಎಂಬುದಾಗಿತ್ತು. ಅದನ್ನು ಯಾರಿಗೆ ಹೇಳುವುದು?

ಅರಗು ಅಂತೂ ಕರಗಿ, ಬಾಗಿಲಿನ ಚಿಲಕಕ್ಕೆ ಸುತ್ತಿದ ದಾರದ ಮೇಲೆ ಬಿತ್ತು. ಅಧಿಕಾರಿ ಪರಿಷತ್ತಿನ ಮುದ್ರೆ ಒತ್ತಿ, ಮೊಣಕಾಲು ಹಿಡಿದುಕೊಂಡು ಎದ್ದ.

"ಅಮ್ಮ, ಆ ಕೀಲಿಕೈ..."

"ಕೊಡ್ತೀನಿ ಇರಪ್ಪ. ಎಲ್ಲಿಗೂ ಓಡಿ ಹೋಗಲ್ಲ."

ಆಗ ಹೊಸ್ತಿಲಾಚೆ ನಿಂತಿದ್ದ ಹೆಂಗಸು ಅವರ ಕಣ್ಣಿಗೆ ಬಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೋರ್ಟಿನ ಪಕ್ಕದ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಟೈಲರ್ ಅವಳು. ಈ ಹಜಾರದಲ್ಲಿದ್ದ ಕರಿ ಕೋಟುಗಳಲ್ಲಿ ಅರ್ಧ ಅವಳ ಕೈಯಲ್ಲೇ ಹುಟ್ಟಿದ್ದವು. ಮಿಕ್ಕರ್ಧ, ಹೊಟ್ಟೆ ಬಂದ ಮೇಲೆ ಸಡಿಲ ಮಾಡಿಸಿಕೊಳ್ಳಲು ಅವಳ ಬಳಿ ಹೋಗಿ ಬಂದಿದ್ದವು. ಸತ್ತವರ ಮೈಮೇಲಿನ ಕೋಟೂ ಅವಳು ಹೊಲಿದದ್ದೇ. ಒಳಗೆ ಬರುವುದೋ ಬೇಡವೋ ಎಂದು ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬಾಮ್ಮ, ನೋಡು ಬಾ."

ಅವಳು ಬಂದು ನೋಡಿದಳು. ಕೋಟಿನ ಮೇಲಿನ ಗುಂಡಿ ಬಿಟ್ಟುಹೋಗಿತ್ತು. ಬಗ್ಗಿ ಅದನ್ನು ಹಾಕಿದಳು. ಆಮೇಲೆ ಸೀಲು ಬಿದ್ದ ಬಾಗಿಲನ್ನು ನೋಡಿದಳು. ನೋಡಿದವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಯಾಕಮ್ಮ? ಏನಾಯ್ತು?"

"ಏನಿಲ್ಲಮ್ಮ."

"ಏನಿಲ್ಲ ಅಂದ್ರೆ ಹೀಗೆ ಕೂರ್ತಾರಾ? ಹೇಳು."

"ಈ ಹೊತ್ತಲ್ಲಿ ಕೇಳಬಾರದಮ್ಮ. ಆದ್ರೂ... ಅಂಗಡಿ ಖಾಲಿ ಮಾಡ್ಬೇಕು ಅಂತ ತೀರ್ಪು ಬಂತಲ್ಲ, ಅದರ ಮೇಲಿನ ನನ್ನ ಅಪೀಲು ಒಳಗಿದೆ. ಇವತ್ತೇ ಕೊನೇ ದಿನ. ಸಂಜೆ ಕೌಂಟರ್ ಮುಚ್ಚೋದ್ರೊಳಗೆ ಕೊಡದಿದ್ರೆ ನಾಳೆ ಬೆಳಿಗ್ಗೆ ನನ್ನ ಅಂಗಡಿಗೆ ಬೀಗ."

* * *

ಬಹಳ ಹಿಂದೆ, ವಕೀಲರ ತಲೆಯಲ್ಲಿ ಇನ್ನೂ ಕೂದಲಿದ್ದ ಕಾಲದಲ್ಲಿ, ಅವರ ಗೆಳೆಯರಾಗಿದ್ದ ಇನ್ನೊಬ್ಬ ವಕೀಲರು ಹೀಗೇ ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ಆ ಮನೆಗೆ ಬಂದವರಲ್ಲಿ ಯಾರೋ ಸಹಾಯ ಮಾಡುವ ನೆಪದಲ್ಲಿ ಆಫೀಸಿಗೆ ನುಗ್ಗಿ ಫೈಲುಗಳನ್ನು ಹೊತ್ತೊಯ್ದರು. ವಿಚ್ಛೇದನ ಕೇಳಿದ್ದ ಹೆಂಗಸೊಬ್ಬಳು ತನ್ನ ವಕೀಲರಿಗೆ ಮಾತ್ರ ಹೇಳಿಕೊಂಡ ಸಂಗತಿಗಳು ಅದರಲ್ಲಿದ್ದವು. ಅವು ಗಂಡನ ಕಡೆಯವರ ಕೈ ಸೇರಿ, ಮುಂದಿನ ವಿಚಾರಣೆಯಲ್ಲಿ ತುಂಬಿದ ಕೋರ್ಟಿನಲ್ಲಿ ಪ್ರಶ್ನೆಗಳಾಗಿ ಹೊರಬಂದವು.

"ಅವಳು ಅಳಲೂ ಇಲ್ಲ ಕಣೇ," ಎಂದು ಆ ದಿನ ಮನೆಗೆ ಬಂದು ಹೆಂಡತಿಗೆ ಹೇಳಿದ್ದರು. "ಗಂಡನನ್ನ ನೋಡಲಿಲ್ಲ. ಜಡ್ಜ್‌ನ ನೋಡಲಿಲ್ಲ. ನಾವು ವಕೀಲರು ಕೂತಿರ್ತೀವಲ್ಲ, ಆ ಬೆಂಚಿನ ಕಡೆ ನೋಡಿದಳು. ನಾನೂ ಅಲ್ಲೇ ಕೂತಿದ್ದೆ."

ಅಂದಿನಿಂದ ಹಿಡಿದ ಹುಚ್ಚು ಅದು. ಊಟಕ್ಕೆ ಕೂತರೆ ನಿಯಮ, ಹಾಸಿಗೆಗೆ ಬಂದರೆ ನಿಯಮ. ಬೇರೆ ವಕೀಲರು ಹೇಳುತ್ತಿದ್ದುದನ್ನೇ ಒಂದು ದಿನ ಹೆಂಡತಿಯೂ ಬಡಿಸುತ್ತಾ ಕೇಳಿದ್ದರು:

"ಎಲ್ಲಾ ಸರಿ. ಮರುದಿನ ಉಸ್ತುವಾರಿಯವರು ಬರ್ತಾರೆ. ಆದ್ರೆ ಸತ್ತ ದಿನವೇ ಯಾರದ್ದಾದ್ರೂ ತುರ್ತು ಕೆಲಸ ಇದ್ರೆ?"

"ಒಂದು ದಿನ ತಾನೇ."

"ಆ ಒಂದೇ ದಿನದಲ್ಲಿ ಅವರ ಬಾಳು ಮುಳುಗಿದ್ರೆ?"

"ನೋಡು, ಒಂದು ಒಳ್ಳೇ ಕಾರಣಕ್ಕೆ ಅಂತ ಬಾಗಿಲು ತೆಗೆದೆ ಅಂತಿಟ್ಕೋ. ನಾಳೆ ಎಲ್ಲರ ಹತ್ರನೂ ಒಂದೊಂದು ಒಳ್ಳೇ ಕಾರಣ ಇರುತ್ತೆ. ಯಾರೋ ಒಬ್ಬನಿಗೆ ತೊಂದರೆ ಆಗುತ್ತೆ ಅಂತ ಊರಿನವರ ನಂಬಿಕೆನೆಲ್ಲ ಪಣಕ್ಕಿಡೋಕಾಗುತ್ತಾ?"

"ಆ ಯಾರೋ ಒಬ್ಬ ನಿಮ್ಮ ಕಕ್ಷಿದಾರನೇ ಆಗಿದ್ರೆ?"

ವಕೀಲರು ಅನ್ನ ಕಲಸುವುದನ್ನು ನಿಲ್ಲಿಸಿದರು. ಆಮೇಲೆ "ಇದಕ್ಕೆ ಉಪ್ಪು ಕಡಿಮೆ," ಎಂದು ಹೇಳಿ, ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡರು. ಉಪ್ಪು ಸರಿಯಾಗಿಯೇ ಇತ್ತು.

* * *

ಟೈಲರ್ ಹೇಳಿದ್ದು ಕೇಳಿದ್ದೇ ತಡ, ಹಜಾರದಲ್ಲಿದ್ದ ವಕೀಲರಿಗೆಲ್ಲ ಜೀವ ಬಂತು. ಅಲ್ಲಿಯವರೆಗೆ ಏನು ಮಾತಾಡುವುದೆಂದು ತೋಚದೆ ಗಡಿಯಾರ ನೋಡುತ್ತಿದ್ದವರು ಕುರ್ಚಿಗಳನ್ನು ಎಳೆದು ಹತ್ತಿರ ಬಂದರು. ಒಬ್ಬರು ಹೊಸದಾಗಿ ಅಪೀಲು ಬರೆಯಬಹುದಲ್ಲ ಎಂದರು. ತೀರ್ಪಿನ ಮೊಹರು ಹಾಕಿದ ನಕಲು ಒಳಗಿದೆಯಲ್ಲ, ಅದಿಲ್ಲದೆ ಕೌಂಟರಿನವನು ಮುಟ್ಟುವುದೂ ಇಲ್ಲ ಎಂದು ಇನ್ನೊಬ್ಬರು. ತಡವಾಗಿ ಹಾಕಿ ಕ್ಷಮೆ ಕೇಳಬಹುದೆಂದು ಮತ್ತೊಬ್ಬರು. ಅಷ್ಟರಲ್ಲಿ ಅಂಗಡಿ ಖಾಲಿ ಮಾಡಿಸಿ ಆಗಿರುತ್ತಲ್ಲ ಎಂದು ಇನ್ಯಾರೋ. ಸತ್ತ ಮನೆಯೋ ಕೋರ್ಟಿನ ಕ್ಯಾಂಟೀನೋ ತಿಳಿಯದಂತಾಯಿತು.

ಹೆಂಡತಿ ನೇರವಾಗಿ ಅಧಿಕಾರಿಯನ್ನು ಕೇಳಿದರು. "ಅವಳ ಫೈಲು ಕೊಟ್ಟುಬಿಡಪ್ಪ. ಅವಳದೇ ತಾನೇ?"

"ನನಗೆ ಅಧಿಕಾರ ಇಲ್ಲಮ್ಮ. ಅಧ್ಯಕ್ಷರು ಆದೇಶ ಕೊಡಬೇಕು."

ಅಧ್ಯಕ್ಷರು ಅಲ್ಲೇ, ಸೋಫಾದ ಮೇಲೆ, ಇಬ್ಬರ ಜಾಗದಲ್ಲಿ ಕೂತಿದ್ದರು. "ನಾನೊಬ್ಬನೇ ಕೊಡೋಕಾಗಲ್ಲ ತಾಯಿ. ಸಭೆ ಸೇರಬೇಕು."

"ಸದಸ್ಯರೆಲ್ಲ ಇಲ್ಲೇ ಇದಾರಲ್ಲ. ಸೇರಿ."

"ಸಭೆಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಅದೂ ಅಲ್ಲದೆ ಇದು ಸಂತಾಪ ಸೂಚನೆಗೆ ಸೇರಿರೋದು, ಸಭೆ ಅಂತ ಕರೆಯೋಕಾಗಲ್ಲ."

ಹೆಂಡತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಧ್ಯಕ್ಷರ ಮೇಲಿಗಿಂತ, ಅಂಗಾತ ಮಲಗಿ ಏನೂ ಗೊತ್ತಿಲ್ಲದವರಂತೆ ಮುಖ ಮಾಡಿಕೊಂಡಿದ್ದ ಗಂಡನ ಮೇಲೆ ಅವರಿಗೆ ಹೆಚ್ಚು ಸಿಟ್ಟು ಬಂತು. ಅಪೀಲು ಸಿದ್ಧವಾಗಿ ಎಷ್ಟೋ ದಿನವಾಗಿತ್ತು. ಇವರು ಒಂದು ಸಾಲು ತಿದ್ದುವುದು, ಮತ್ತೆ ಟೈಪು ಮಾಡಿಸುವುದು, ಮರುದಿನ ಮೊದಲಿದ್ದಂತೆಯೇ ಬರೆಯುವುದು. ಕೊನೆಯ ದಿನದವರೆಗೂ ಕಾಗದವನ್ನು ಕೈಬಿಡುವ ಜಾಯಮಾನವೇ ಅಲ್ಲ.

"ಅತ್ತಿಗೆ, ನೀವು ತಲೆ ಕೆಡಿಸ್ಕೊಬೇಡಿ," ಎಂದು ಮೆಲ್ಲನೆ ಒಂದು ದನಿ ಬಂತು. ಮೈಗೆ ಚೆನ್ನಾಗಿ ಒಪ್ಪುವ ಕೋಟಿನ ವಕೀಲರೊಬ್ಬರು ಮುಂದೆ ಬಂದಿದ್ದರು. ಕೇಸುಗಳನ್ನು ಮುಂದೂಡಿಸುವುದರಲ್ಲಿ ಎತ್ತಿದ ಕೈ ಎಂದು ಅವರಿಗೆ ವಾಯಿದೆ ವಕೀಲ ಎಂದೇ ಹೆಸರು. "ಅಣ್ಣನ ಆಫೀಸು ನನಗೆ ಹೊಸದಲ್ಲ. ಕೀಲಿಕೈ ಕೊಡಿ. ನಾನೇ ಹೋಗಿ, ಕ್ಷಣದಲ್ಲಿ ಫೈಲು ಎತ್ಕೊಂಡು ಬರ್ತೀನಿ. ಮಾನವೀಯತೆ ಅಂತ ಒಂದಿರುತ್ತಲ್ಲ."

ಹೆಂಡತಿಯ ಕೈ ಮುಂದೆ ಹೋಗಿಯೇಬಿಟ್ಟಿತ್ತು. ಟೈಲರ್ ಅವರ ಮೊಣಕೈ ಹಿಡಿದಳು.

"ಬೇಡಮ್ಮ."

"ಯಾಕೆ?"

"ನನ್ನ ಅಂಗಡಿ ಬಿಡಿಸ್ತಿರೋ ಓನರ್ ಕಡೆ ವಕೀಲರು ಇವರೇ."

ವಾಯಿದೆ ವಕೀಲರ ಮುಖದ ನಗು ಮಾಸಲಿಲ್ಲ. "ಅದು ಕೋರ್ಟಲ್ಲಿ. ಸಾವಿನ ಮನೇಲಿ ಯಾರು ಯಾರ ವಕೀಲ?" ಎಂದರು. ಒಳಗೆ ಹೋದರೆ ಅವರೇನು ಮಾಡುತ್ತಿದ್ದರೋ, ಬಹುಶಃ ಫೈಲನ್ನು ತಂದೇ ಕೊಡುತ್ತಿದ್ದರೋ ಏನೋ. ಆದರೆ ಅವರು ಹೇಳಿದ್ದು, ಗಂಡ ಅಂದು ಎಚ್ಚರಿಸಿದ್ದಂಥದೇ ಒಂದು ಒಳ್ಳೆಯ ಕಾರಣವಾಗಿತ್ತು. ಹೆಂಡತಿ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

ಹಾಗಾದರೆ ಗಂಡ ಅಂದಿದ್ದೇ ಸರಿ. ಅದು ಅರ್ಥವಾಗುತ್ತಲೇ ಆಕೆಯ ಸಿಟ್ಟು ಇಮ್ಮಡಿಯಾಯಿತು. ಅವರು ಬದುಕಿದ್ದಾಗಲೂ ಹೀಗೇ ಆಗುತ್ತಿತ್ತು. ಅವರ ಮಾತು ಸರಿಯಿದ್ದ ದಿನಗಳಲ್ಲೇ ಅವರನ್ನು ಸಹಿಸುವುದು ಕಷ್ಟ. ಸರಿ, ನೀವು ಹೇಳಿದ್ದೇ ಸರಿ. ಆದರೆ ಇವಳನ್ನೇನು ಮಾಡಲಿ?

* * *

ಹಿಂದಿನ ಸಂಜೆ ಟೈಲರ್ ಬಂದಿದ್ದಾಗ ವಕೀಲರು ಕೊನೆಯ ಹಾಳೆಗೆ ಸಹಿ ಹಾಕುತ್ತಿದ್ದರು. ಅವಳಿಂದಲೂ ಹಾಕಿಸಿಕೊಂಡರು. ಫೈಲು ಕಟ್ಟಲು ನೂಲಿನ ಟೇಪಿಗಾಗಿ ಮೇಜಿನ ಡ್ರಾಯರುಗಳನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಅವಳು ಚೀಲದಿಂದ ಕೋಟಿನ ಲೈನಿಂಗ್ ಬಟ್ಟೆಯ ಒಂದು ಪಟ್ಟಿ ತೆಗೆದು ಕೊಟ್ಟಳು. ಅಂಚು ಮಡಚಿ ಹೊಲಿದ, ನುಣುಪಾದ ಪಟ್ಟಿ.

"ಈಗ್ಲೇ ನಾನು ತಗೊಂಡು ಹೋಗ್ಲಾ ಸಾರ್? ಬೆಳಿಗ್ಗೆ ಕೋರ್ಟಿನ ಬಾಗಿಲು ತೆಗೆಯೋ ಹೊತ್ತಿಗೇ ಕೊಟ್ಟು ಬರ್ತೀನಿ."

"ಬೇಡ, ರಾತ್ರಿ ಇನ್ನೊಂದ್ಸಲ ನೋಡ್ತೀನಿ. ಮೂರನೇ ಪುಟದಲ್ಲಿ ಒಂದು ಮಾತು ಸರಿ ಕಾಣ್ತಿಲ್ಲ."

"ಮತ್ತೆ..."

"ನೀನೊಬ್ಬಳೇ ಹೋದ್ರೆ ಕೌಂಟರಿನವನು ನಿನ್ನ ಅಲೆದಾಡಿಸ್ತಾನೆ. ನಾನೇ ಬರ್ತೀನಿ ಕೋರ್ಟಿಗೆ. ಹೆದರ್ಕೋಬೇಡ."

* * *

"ಅಲ್ಲ ಸಾರ್," ಎಂದು ಸತ್ತವರ ತಮ್ಮ ಅಧ್ಯಕ್ಷರ ಮೇಲೆ ಹರಿಹಾಯ್ದ. "ಇದು ನಮ್ಮ ಮನೆ. ನಮ್ಮ ಬಾಗಿಲು. ನಾವೇ ಆ ಸೀಲ್ ಕಿತ್ತು ಹಾಕಿದ್ರೆ ಏನ್ರೀ ಮಾಡ್ತೀರಿ?"

ಅಧ್ಯಕ್ಷರಿಗೆ ಇಂಥ ಪ್ರಶ್ನೆಗಳೆಂದರೆ ಪ್ರೀತಿ. ಗಂಟಲು ಸರಿ ಮಾಡಿಕೊಂಡರು. "ಒಬ್ಬ ವಕೀಲ ಕಿತ್ತರೆ ಅವನ ವಕೀಲಿಕೆ ಸನ್ನದು ರದ್ದು ಮಾಡ್ತೀವಿ. ಅದರಲ್ಲಿ ಮುಲಾಜಿಲ್ಲ. ನೀವು ಕಿತ್ತರೆ... ಪರಿಷತ್ತಿನ ಅಧಿಕಾರ ಇರೋದು ವಕೀಲರ ಮೇಲೆ ಮಾತ್ರ. ಹೊರಗಿನವರ ನೈತಿಕತೆಗೆ ಬಿಟ್ಟಿದ್ದು."

ಹೇಳಿದ ಮೇಲೆ ಅವರಿಗೇ ಏನೋ ಎಡವಟ್ಟಾಯಿತು ಅನ್ನಿಸಿರಬೇಕು. ಅಷ್ಟರಲ್ಲಿ ಹೆಂಡತಿ ಎದ್ದು ನಿಂತಿದ್ದರು.

"ಹಾಗಾದ್ರೆ ನನ್ನ ನೈತಿಕತೆಗೆ ಬಿಡಿ," ಎಂದರು. ತಮ್ಮನ ಕಡೆ ತಿರುಗಿ, "ನೀನು ಸುಮ್ನಿರು. ಎಲ್ಲರೂ ಬಾಗಿಲಿಂದ ದೂರ ನಿಂತ್ಕೊಳ್ಳಿ. ನೀನೂ ಬರಬೇಡಮ್ಮ, ಒಳಗೆ ಬೇರೆಯವರ ಫೈಲುಗಳಿವೆ. ನಿಂದು ಹೇಗಿದೆ ಹೇಳು ಸಾಕು."

"ಮೇಜಿನ ಮೇಲಿರಬೇಕಮ್ಮ. ಬೇರೆದಕ್ಕೆಲ್ಲ ಟೇಪು ಕಟ್ಟಿರುತ್ತೆ. ನಂದಕ್ಕೆ ಲೈನಿಂಗ್ ಬಟ್ಟೆ. ಕೈಗೆ ಜಾರುತ್ತೆ. ಅಂಚಲ್ಲಿ ಹೊಲಿಗೆ ಸಿಗುತ್ತೆ."

ಹೆಂಡತಿ ಕನ್ನಡಕ ತೆಗೆದು ಅಧಿಕಾರಿಯ ಕೈಗೆ ಕೊಟ್ಟರು.

"ಇದು ಯಾಕಮ್ಮ?"

"ಇದಿಲ್ಲದಿದ್ರೆ ನನಗೆ ನಿನ್ನ ಮುಖನೇ ಕಾಣಲ್ಲ, ಅಕ್ಷರ ಎಲ್ಲಿಂದ ಕಾಣಬೇಕು? ಯಾರ ಗುಟ್ಟನ್ನೂ ಓದಲಿಲ್ಲ ಅಂತ ಬರ್ಕೋ."

ಹೆಬ್ಬೆರಳಿನ ಉಗುರು ಕೊಟ್ಟು ಅರಗನ್ನು ಎಬ್ಬಿಸಿದರು. ಈಗಷ್ಟೇ ಗಟ್ಟಿಯಾಗಿದ್ದ ಮುದ್ರೆ ಎರಡು ಹೋಳಾಗಿ ನೆಲಕ್ಕೆ ಬಿತ್ತು. ಅಧಿಕಾರಿ ಬಗ್ಗಿ ಅವನ್ನು ಆರಿಸಿ, ಕನ್ನಡಕವನ್ನು ಎದೆಗೆ ಒತ್ತಿ ಹಿಡಿದುಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತ. ನೋಡದೇ ಇದ್ದದ್ದನ್ನು ವರದಿ ಮಾಡಬೇಕಾಗಿಲ್ಲ ಎಂದು ಅವನ ಲೆಕ್ಕ. ವಾಯಿದೆ ವಕೀಲರು ಮಾತ್ರ ನೋಡುತ್ತಲೇ ಇದ್ದರು.

ಹೆಂಡತಿ ಬೀಗ ತೆಗೆದು ಹೋದಾಗ ಒಳಗೆ ಪರದೆ ಎಳೆದಿತ್ತು. ಲೈಟು ಹಾಕಲಿಲ್ಲ. ಮಬ್ಬಿನಲ್ಲಿ ಎಲ್ಲವೂ ಒಂದೇ ಬಣ್ಣದ ಮುದ್ದೆಗಳಾಗಿ ಕಂಡವು. ಗಂಡನ ಬೆವರಿನ ವಾಸನೆ, ಹಳೆಯ ಕಾಗದದ ವಾಸನೆ. ಮೇಜಿನ ಅಂಚು ಹಿಡಿದು ತಡವಿದರು. ಒರಟು ಟೇಪು, ಮತ್ತೆ ಒರಟು ಟೇಪು, ಕನ್ನಡಕದ ಡಬ್ಬಿ, ಒಂದು ತಣ್ಣನೆಯ ಲೋಟ. ರಾತ್ರಿ ಸಕ್ಕರೆಗೆ ಕೊಸರಾಡಿದ ಅದೇ ಹಾಲಿನ ಲೋಟ. ಕೊಸರಾಡಿಯೂ ಪೂರ್ತಿ ಕುಡಿದಿದ್ದರು. ಲೋಟದ ತಳದಲ್ಲಿ ಕೆನೆ ಮಾತ್ರ ಬೆರಳಿಗೆ ಅಂಟಿತು.

ಅಲ್ಲಿ ಆಕೆ ಅತ್ತರು. ಹೊರಗಿನವರಿಗೆ ಕೇಳದಂತೆ, ಮೇಜಿಗೆ ಹಣೆ ಕೊಟ್ಟು, ಬೈಯುತ್ತಲೇ ಅತ್ತರು. ಆಮೇಲೆ ಲೋಟದ ಪಕ್ಕದಲ್ಲೇ ಕೈಗೆ ಜಾರಿದ ಪಟ್ಟಿಯನ್ನು ಹಿಡಿದು, ಅಂಚಿನ ಹೊಲಿಗೆಯನ್ನು ಬೆರಳಲ್ಲಿ ನೋಡಿಕೊಂಡು, ಅದೊಂದನ್ನೇ ಎತ್ತಿಕೊಂಡು ಹೊರಗೆ ಬಂದರು.

"ತಗೋ. ಓಡು. ಇನ್ನು ಸೀಲ್ ಹಾಕ್ಕೋಪ್ಪ ನೀನು," ಎಂದು ಕೀಲಿಕೈಯನ್ನು ಅಧಿಕಾರಿಯ ಅಂಗೈಗೆ ತುರುಕಿದರು.

ಆದರೆ ಓಡುವುದು ಎಲ್ಲಿಗೆ? ವಕೀಲರ ಕಾರುಗಳು ಗಲ್ಲಿಯ ಉದ್ದಕ್ಕೂ ಅಡ್ಡಾದಿಡ್ಡಿ ನಿಂತು, ಒಂದು ಸೈಕಲ್ಲೂ ನುಸುಳದ ಹಾಗಾಗಿತ್ತು. ಒಬ್ಬರು ತೆಗೆಯದೆ ಇನ್ನೊಬ್ಬರು ತೆಗೆಯುವಂತಿಲ್ಲ. ಅವರು ತೆಗೆಯಲಿ, ಇವರು ತೆಗೆಯಲಿ ಎಂದು ಅಲ್ಲೂ ವಾದ. ನಡೆದು ಹೋದರೂ, ದೊಡ್ಡ ರಸ್ತೆಯಲ್ಲಿ ಆಟೋಗೆ ಕಾದರೂ, ಕೌಂಟರ್ ಮುಚ್ಚಿರುತ್ತಿತ್ತು. ಎಲ್ಲಕ್ಕಿಂತ ಮುಂದೆ, ರಸ್ತೆಗೆ ಮುಖ ಮಾಡಿ ನಿಂತಿದ್ದದ್ದು ಒಂದೇ ಒಂದು ಗಾಡಿ. ಚಿತಾಗಾರಕ್ಕೆ ಹೋಗುವ ವ್ಯಾನು.

ಅಷ್ಟರಲ್ಲಿ ದೇಹವನ್ನು ಅದರೊಳಗೆ ಇಟ್ಟಾಗಿತ್ತು. ಹೆಂಡತಿ ಹತ್ತಿ ಕೂತು, ಬಾಗಿಲಾಚೆ ಫೈಲು ಹಿಡಿದು ಪೆಚ್ಚಾಗಿ ನಿಂತವಳನ್ನು ನೋಡಿದರು. ಕನ್ನಡಕ ಅಧಿಕಾರಿಯ ಕೈಯಲ್ಲೇ ಉಳಿದಿದ್ದರಿಂದ ಮುಖ ಕಾಣಲಿಲ್ಲ. ನಿಂತ ರೀತಿ ಕಂಡಿತು.

"ಹತ್ತಮ್ಮ."

"ಇದರಲ್ಲಾ?"

"ಕೋರ್ಟಿಗೆ ನಾನೇ ಬರ್ತೀನಿ ಅಂದಿದ್ರಲ್ಲ ಇವರು. ಹತ್ತು."

ವ್ಯಾನು ದೊಡ್ಡ ರಸ್ತೆಗೆ ಬಿತ್ತು. ಹಿಂದೆ ಒಂದೊಂದಾಗಿ ಕಾರುಗಳು ಬಿಡಿಸಿಕೊಂಡು ಸಾಲು ಹಿಡಿದವು. ದಾರಿಯಲ್ಲೇ ಇದ್ದ ಕೋರ್ಟಿನ ಗೇಟಿನ ಮುಂದೆ ಹೆಂಡತಿ ಡ್ರೈವರನ ಭುಜ ತಟ್ಟಿದರು.

"ಇಲ್ಲಿ ನಿಲ್ಲಿಸೋ ಹಾಗಿಲ್ಲಮ್ಮ," ಎಂದ ಅವನು. "ಚಿತಾಗಾರದಲ್ಲಿ ನಮಗೆ ಕೊಟ್ಟಿರೋ ಟೈಮ್ ಮೀರುತ್ತೆ. ಬೈಸ್ಕೋಬೇಕಾಗುತ್ತೆ."

"ಇವತ್ತು ಯಾರನ್ನ ಕೇಳಿದ್ರೂ ಒಂದು ನಿಯಮ ಹೇಳ್ತಾರಪ್ಪ! ನಿಲ್ಲಿಸು. ಬೈದ್ರೆ ನನಗೆ ಬೈಯಲಿ."

ವ್ಯಾನು ನಿಂತಿತು. ಹಿಂದಿನ ಕಾರುಗಳೂ ನಿಂತವು. ಏನಾಯಿತೆಂದು ತಿಳಿಯದ ಅಧ್ಯಕ್ಷರ ಕಾರು ಮೊದಲು ಹಾರ್ನ್ ಹೊಡೆಯಿತು. ಆಮೇಲೆ ಎಲ್ಲವೂ ಹೊಡೆದವು.

ಕೌಂಟರಿನ ಗುಮಾಸ್ತ ಕಿಟಕಿಯ ಅರ್ಧ ಬಾಗಿಲು ಎಳೆದಾಗಿತ್ತು. ಟೈಲರ್ ಆ ಸಂದಿಯಲ್ಲಿ ಫೈಲು ತೂರಿಸಿದಳು. ಅವನು ಬೇಸರದಿಂದ ಪಟ್ಟಿ ಬಿಚ್ಚಿದ, ಹಾಳೆಗಳನ್ನು ತಿರುವಿದ, ಸಹಿಗಳ ಮೇಲೆ ಬೆರಳಾಡಿಸಿದ, ಮೊಹರಿನ ನಕಲನ್ನು ಬೆಳಕಿಗೆ ಹಿಡಿದ. ತಪ್ಪು ಸಿಗದಿದ್ದುದು ಅವನಿಗೆ ಹಿಡಿಸಿದಂತೆ ಕಾಣಲಿಲ್ಲ.

"ಎಲ್ಲಮ್ಮ ನಿಮ್ಮ ವಕೀಲರು? ಈ ಕೊನೇ ಗಳಿಗೇಲಿ ನಿನ್ನೊಬ್ಬಳನ್ನೇ ಕಳಿಸಿದಾರೆ?"

"ಬಂದಿದಾರೆ ಸಾರ್," ಎಂದಳು ಅವಳು. "ಹೊರಗೆ ಗಾಡೀಲಿದಾರೆ."

ಗುಮಾಸ್ತ ಕುತ್ತಿಗೆ ಚಾಚಿ ನೋಡಿದ. ಗೇಟಿನಾಚೆ ಹೂಹಾರ ಕಟ್ಟಿದ ಶವದ ವ್ಯಾನು, ಅದರ ಹಿಂದೆ ರಸ್ತೆಯ ತಿರುವಿನವರೆಗೂ ಕಾರುಗಳು, ಕಾರುಗಳಿಂದ ಹೊರಗೆ ಬಾಗಿದ ಕರಿ ಕೋಟುಗಳು. ಹಾರ್ನಿನ ಸದ್ದಿಗೆ ಕೋರ್ಟಿನ ಕಿಟಕಿಗಳೆಲ್ಲ ತೆರೆದಿದ್ದವು. ಆಮೇಲೆ ತಾನೇ ಎಳೆದಿದ್ದ ಅರ್ಧ ಬಾಗಿಲನ್ನು ಹಿಂದಕ್ಕೆ ಸರಿಸಿ, ಎದ್ದು ನಿಂತುಕೊಂಡೇ ಆ ದಿನದ ಮುದ್ರೆಯನ್ನು ಶಾಯಿಗೆ ಒತ್ತಿದ.